ಗುಬ್ಬಿ ಹಾಡಿದ ಭಾಷೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುಂಟಿಕೊಪ್ಪದಲ್ಲಿ ನಾನು ಮೇಷ್ಟ್ರಾಗಿದ್ದ ಶಾಲೆಯಲ್ಲಿ ಒಬ್ಬರು ಹೊಲಿಗೆ ಟೀಚರ್ ಇದ್ದರು. ಶನಿವಾರ ಬೆಳಿಗ್ಗೆ, ಕಿಟಕಿಯಿಂದ ಮಂಜು ಒಳಬರುವ ಹೊತ್ತಿಗೆ, ಹಳೆಯ ಸೀರೆಯ ಪರದೆ ಕಟ್ಟಿ, ಹಿಂದೆ ಕೂತು ಮಕ್ಕಳಿಗಾಗಿ ಬಟ್ಟೆಯ ಗುಬ್ಬಿಬೊಂಬೆಯನ್ನು ಹಾಡಿಸುತ್ತಿದ್ದರು. ಪಕ್ಕದಲ್ಲಿ ಹಾರ್ಮೋನಿಯಂ ನನ್ನದು. ಗುಬ್ಬಿ ಕತ್ತು ಹೊರಳಿಸಿದರೆ ಅವರ ಕತ್ತೂ ಹೊರಳುತ್ತಿತ್ತು.

"ಕಾಫಿ ಎಸ್ಟೇಟಿನ ಕೂಲಿ ಲೈನಿನ ಮಕ್ಕಳಿಗೆ, ಮನೇಲಿ ತಮಿಳು, ತುಳು ಆಡೋರಿಗೆ, ಈ ಕನ್ನಡ ಹಾಡು ಎಲ್ಲಿ ಅರ್ಥ ಆಗ್ತದೆ?" ಎಂದು ನಾನು ಗೊಣಗಿದಾಗಲೆಲ್ಲ ಒಂದೇ ಉತ್ತರ: "ಆಗ್ತದೆ ಬಿಡಿ ಮೇಷ್ಟ್ರೆ."

ಒಂದು ಶನಿವಾರ ಹಾಡಿನ ನಡುವೆಯೇ ಗುಬ್ಬಿಯ ರೆಕ್ಕೆ ಕಳಚಿತು. ಟೀಚರ್ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ರೆಕ್ಕೆ ಸಿಕ್ಕಿಸತೊಡಗಿದರು. ಬಾಯಿ ತೆರೆಯುವಂತಿರಲಿಲ್ಲ. ಹಾಡಿನ ಮಾತೆಲ್ಲ ಕರಗಿ ಬರೀ ಗುನುಗು ಉಳಿಯಿತು. ಪರದೆಯಾಚೆಯ ಗಲಾಟೆ ನಿಂತೇಹೋಯಿತು.

ಆಟ ಮುಗಿದದ್ದೇ ಲೈನಿನ ತಮಿಳು ಹುಡುಗಿಯೊಬ್ಬಳು ಓಡಿಬಂದಳು. "ಟೀಚರ್, ಗುಬ್ಬಿ ಇವತ್ತು ನಮ್ಮ ಭಾಷೆಯಲ್ಲಿ ಹಾಡ್ತು!"

"ಸುಳ್ಳು ಟೀಚರ್, ಅದು ತುಳು," ಎಂದಳು ಹಿಂದೆ ನಿಂತಿದ್ದವಳು.

ಟೀಚರ್ ಇಬ್ಬರಿಗೂ ಹೌದೆಂದು ತಲೆಯಾಡಿಸಿದರು.

ಮುಂದಿನ ಶನಿವಾರ ರೆಕ್ಕೆ ಗಟ್ಟಿಯಾಗಿಯೇ ಇತ್ತು. ಆದರೂ ನಾನು ಶ್ರುತಿ ಹಿಡಿಯುತ್ತಿದ್ದಂತೆ ಟೀಚರ್ ಒಂದು ಗುಂಡುಸೂಜಿ ತೆಗೆದು ಮೆಲ್ಲಗೆ ತುಟಿಗಳ ನಡುವೆ ಇಟ್ಟುಕೊಂಡರು.