ಹಿಂದೆ ನಡೆಯುತ್ತಿದ್ದ ಗೈಡ್

ದೆಹಲಿ ಪ್ರವಾಸದಲ್ಲಿ ನಮ್ಮ ಮೈಸೂರಿನ ತಂಡಕ್ಕೆ ಗೈಡ್ ಆಗಿ ಬಂದಿದ್ದ, ನಮ್ಮೂರಿನದೇ ಲಷ್ಕರ್ ಮೊಹಲ್ಲಾದ ವ್ಯಕ್ತಿಯ ಕುರಿತು, ನಾನು ಕಂಡಷ್ಟನ್ನು ಮಾತ್ರ ಇಲ್ಲಿ ನಿವೇದಿಸಿಕೊಳ್ಳುತ್ತೇನೆ. ಸದರಿಯವರು ಎಂದೂ ನಮ್ಮ ಮುಂದೆ ನಡೆದವರಲ್ಲ. ಕುತುಬ್ ಮಿನಾರಿನ ಎದುರಿನಲ್ಲೂ ಅದಕ್ಕೆ ಬೆನ್ನು ಹಾಕಿ, ನಮ್ಮ ಮುಖಗಳನ್ನೇ ನೋಡುತ್ತ ನಿಲ್ಲುತ್ತಿದ್ದರು. ಏನು ಕೇಳಿದರೂ "ನಾನಿದೀನಲ್ಲ, ಬುಡಿ ಸಾರ್" ಎನ್ನುತ್ತಿದ್ದರು. ಇವರಿಗೆ ದಾರಿಯೇ ಗೊತ್ತಿಲ್ಲವೆಂದು ನನಗೆ ಬಲವಾದ ಅನುಮಾನವಿತ್ತು.

ಪ್ರವಾಸಕ್ಕೆ ನನ್ನೊಂದಿಗೆ ಬಂದಿದ್ದ, ಮರೆವಿನ ಕಾಯಿಲೆಯಿದ್ದ ನಮ್ಮ ತಂದೆಯವರು ಕಣ್ಣು ತಪ್ಪಿಸಿ ಎಲ್ಲೆಂದರಲ್ಲಿಗೆ ಹೊರಟುಬಿಡುತ್ತಿದ್ದರು. ಚಾಂದನಿ ಚೌಕದ ಜನಜಂಗುಳಿಯಲ್ಲಿ ಈ ಗೈಡ್, ತಂಡದ ಗುರುತಿನ ಬಾವುಟವನ್ನು ಅವರ ಕೈಗೇ ಕೊಟ್ಟು, "ಅಪ್ಪಾಜಿ, ನೀವು ಮುಂದೆ ನಡೀರಿ, ನಾವು ಬತ್ತೀವಿ" ಎಂದರು.

"ಏನ್ರೀ, ತಮಾಷೆ ಮಾಡ್ತಿದ್ದೀರಾ? ಅವರು ಕಳೆದುಹೋದರೆ?" ಎಂದು ನಾನು ರೇಗಿದೆ.

"ಎಂಗೆ ಕಳ್ದೋಗ್ತಾರೆ ಸಾರ್? ಎಲ್ರೂ ಅವರ ಹಿಂದೇನೇ ಇರ್ತೀವಲ್ಲ."

ನನಗೆ ನಂಬಿಕೆ ಬರಲಿಲ್ಲ. ತಂದೆಯವರ ಅಂಗಿಯ ತುದಿ ಹಿಡಿದೇ ನಡೆದೆ. ಅವರು ಕೆಂಪುಕೋಟೆಯ ದಾರಿ ಬಿಟ್ಟು ಪಾತ್ರೆ ಅಂಗಡಿಗಳ ಓಣಿಗೆ ತಿರುಗಿದರು. ತಂಡವೆಲ್ಲ ಹಿಂಬಾಲಿಸಿತು. ಎಲ್ಲರಿಗಿಂತ ಹಿಂದೆ ಗೈಡ್. ಓಣಿಯ ಕೊನೆಯಲ್ಲಿ ತಂದೆಯವರು ನಿಂತು, ನನ್ನ ಕೈ ಕೊಡವಿ ಗದರಿದರು: "ಬಾವುಟ ನೋಡ್ಕೊಂಡು ಬಾರೋ, ಕಳ್ದೋಗ್ಬುಟ್ಟೀಯ!"