ಕುಂಬ್ರದ ತಿರುವಿನಲ್ಲಿ ಒಡೆದ ಬಾಟಲಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಕುಂಬ್ರ ದಾಟಿದ ತಿರುವಿನಲ್ಲಿ, ನಮ್ಮ ಬಸ್ಸು ಹೊಂಡಕ್ಕೆ ಇಳಿಯಿತು. ಎಂಬತ್ತರ ದಶಕದ ಒಂದು ಏಪ್ರಿಲ್. ಪುತ್ತೂರಿನಲ್ಲಿ ಬನ್ಸ್ ತಿಂದು, ಚಾ ಕುಡಿದು ಸುಳ್ಯದ ಬಸ್ಸು ಹತ್ತಿದ್ದೆವು. ಗೆಳೆಯ ಕುಶಾಲಪ್ಪ ಸುಳ್ಯದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ನಾನು ರಜೆಯಲ್ಲಿ ಅವನ ಕೆಲಸ ನೋಡಲು ಹೊರಟಿದ್ದೆ.

ಅವನ ಚೀಲದಲ್ಲಿ ಉಗುರಗಲದ ಪ್ಲಾಸ್ಟಿಕ್ ತುಣುಕುಗಳಿದ್ದವು. ಕ್ಯಾನ್ಸರ್ ಗಡ್ಡೆಗೆ ಬಿಡುವ ಅಯಾನು ಕಣಗಳ ಕಿರಣ ಎಷ್ಟು ಆಳಕ್ಕೆ ಹೋಗಿ ನಿಲ್ಲುತ್ತದೆಂದು ತಿಳಿಯಲು ವಿದೇಶದಲ್ಲಿ ಕಿರಣಕ್ಕೊಡ್ಡಿ ಕಳುಹಿಸಿದಂಥವು. ಕಾಯಿಸಿದ ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸಿಟ್ಟರೆ ಕಣಗಳು ಹಾದ ಜಾಡು ಸಣ್ಣ ಗುಂಡಿಗಳಾಗಿ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಮೈಗೆ ತಾಗಿದರೆ ಸುಡುವ ಆ ಸೋಡಾ ನೀರು ಗಾಜಿನ ಬಾಟಲಿಯಲ್ಲಿ ಅವನ ತೊಡೆಯ ಮೇಲಿತ್ತು.

ಮುಂದಿನ ಸೀಟಿನಲ್ಲಿ ಕುಶಾಲಪ್ಪನಿಗೆ ಪರಿಚಯವಿದ್ದ ಇಚಿಲಂಪಾಡಿಯ ಲೀಲಕ್ಕ. ವಾಂತಿ ಬಾರದಿರಲೆಂದು ಲಿಂಬೆ ಮೂಸುತ್ತಿದ್ದವರು ತಿರುಗಿ ಕೇಳಿದರು: "ಎಂತ ಮಾಷ್ಟ್ರೇ, ಕಷಾಯವಾ?"

"ಅಲ್ಲಕ್ಕ, ಕ್ಯಾನ್ಸರಿನ ಸಂಶೋಧನೆಗೆ."

"ಹಾಗಾದ್ರೆ ಗಟ್ಟಿ ಹಿಡ್ಕೊಳ್ಳಿ ಮಾರಾಯ್ರೆ. ಚೆಲ್ಲಿದ್ರೆ ಪುನಃ ಮಾಡುವಾಗ ಮುದುಕರಾಗ್ತೀರಿ!"

ಆಗಲೇ ಆ ಹೊಂಡ. ಬಾಟಲಿ ಕಂಬಿಗೆ ಬಡಿದು ಒಡೆಯಿತು. ಸೋಡಾ ಲೀಲಕ್ಕನ ಎಡಗಣ್ಣಿಗೆ ಹಾರಿತು. ಕುಶಾಲಪ್ಪನ ತೊಡೆಯೂ ಸುಟ್ಟಿತ್ತು, ಅವನಿಗದು ತಿಳಿಯಲೇ ಇಲ್ಲ. ಲೀಲಕ್ಕನ ಕೈಯ ಲಿಂಬೆ ಕಸಿದು ಹಲ್ಲಿನಿಂದ ಸೀಳಿದ. "ಕ್ಷಾರಕ್ಕೆ ಆಮ್ಲ ಬಿದ್ದರೆ ಸರಿಯಾಗ್ತದೆ!"

"ಮಾಷ್ಟ್ರಿಗೆ ಗೊತ್ತುಂಟು," ಎಂದು ಇಬ್ಬರು ಪ್ರಯಾಣಿಕರು ಲೀಲಕ್ಕನ ತಲೆ ಅಲುಗದಂತೆ ಹಿಡಿದರು. ಲಿಂಬೆ ರಸದ ಎರಡು ಹನಿ ಕಣ್ಣಿಗೆ ಬಿದ್ದಿರಬೇಕು. ಲೀಲಕ್ಕ ಕಿರುಚಿ ಅವನ ಕೈಗೆ ಹೊಡೆದರು. "ಉರಿಯ ಮೇಲೆ ಹುಳಿಯಾ? ನೀರು ಕೊಡಿ, ನೀರು!"

ನಾನು ಡ್ರೈವರನ ನೀರಿನ ಕ್ಯಾನ್ ಎತ್ತಿ ಸುರಿದೆ. ಬಸ್ಸು ಪುತ್ತೂರಿಗೆ ತಿರುಗಿತು. ಬಾವಿ ಕಂಡಲ್ಲೆಲ್ಲ ನಿಲ್ಲಿಸಿ ಕ್ಯಾನ್ ತುಂಬಿಸಿದೆವು.

"ಎಷ್ಟು ಆಳ ಸುಟ್ಟಿದೆ ಅಂತ ಈಗ ಹೇಳ್ಲಿಕ್ಕಾಗುದಿಲ್ಲ," ಎಂದರು ಆಸ್ಪತ್ರೆಯ ಡಾಕ್ಟರು. ಪ್ಲಾಸ್ಟಿಕ್ ತುಣುಕುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮರುದಿನ ಸುಳ್ಯ ತಲುಪಿದೆವು. ಹೊಸ ಸೋಡಾ ತರಿಸಿ ಕುಶಾಲಪ್ಪ ಕೆಲಸ ಮುಗಿಸಿದ. ಜಾಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಆಳದಲ್ಲಿ ನಿಂತಿದ್ದವು. "ಎಷ್ಟು ಚಂದ ನೋಡು," ಎಂದವನು ತಟ್ಟನೆ ಎದ್ದು ಹೊರಗೆ ಹೋದ. ಆಮೇಲೆ ದಿನಾ ರಾತ್ರಿ ಕನಸಿನಲ್ಲಿ ಗಾಜು ಒಡೆದ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಪಕ್ಕದ ಚಾಪೆಯಲ್ಲಿ ಅವನೂ ಎದ್ದು ಕೂತಿರುತ್ತಿದ್ದ.

ಮಳೆ ಹಿಡಿಯುವ ಮೊದಲು, ಒಂದು ಶುಕ್ರವಾರ, ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಇಚಿಲಂಪಾಡಿಗೆ ಹೋದೆವು. ಲೀಲಕ್ಕ ಅಕ್ಕಿ ಆರಿಸುತ್ತಿದ್ದರು.

"ಇದರಲ್ಲಿ ಬೆಳಕು ಮಾತ್ರ ಕಾಣ್ತದೆ," ಎಂದು ಎಡಗಣ್ಣು ತೋರಿಸಿದರು. "ಅಕ್ಕಿ ಯಾವುದು, ಕಲ್ಲು ಯಾವುದು ಗೊತ್ತಾಗುದಿಲ್ಲ. ಲಿಂಬೆ ಶರಬತ್ತು ಮಾಡ್ಲಾ ಮಾಷ್ಟ್ರೇ? ಕಣ್ಣಿಗಲ್ಲ, ಕುಡೀಲಿಕ್ಕೆ."

ಕುಶಾಲಪ್ಪ ತಲೆಯೆತ್ತದೆ ಲೋಟ ಖಾಲಿ ಮಾಡಿದ.

ಆ ರಾತ್ರಿ ಸುಳ್ಯದಲ್ಲಿ ಅವನು ಬೆಳಗಿನವರೆಗೂ ನಿದ್ದೆ ಮಾಡಿದ. ನಾನೂ ಮಾಡಿದೆ. ಲೀಲಕ್ಕನಿಗೆ ನಿದ್ದೆ ಬರುತ್ತದೆಯೇ ಎಂದು ನಾವಿಬ್ಬರೂ ಕೇಳಿರಲಿಲ್ಲ.