ಕೀಳದೆ ಬಿಟ್ಟ ಮೂಲಂಗಿ

ಮೊನ್ನೆ ಚಿಕ್ಕೋಡಿಯ ಸಂತೆಯಲ್ಲಿ ಒಬ್ಬ ಮುದುಕಿ ಡಿಂಗ್ರಿ ಮಾರುತ್ತಿದ್ದಳು. ಮೂಲಂಗಿಯನ್ನು ಕೀಳದೆ ಬಿಟ್ಟರೆ ಹೂವಾಗಿ, ಆಮೇಲೆ ಬಿಡುವ ಎಳೆಗಾಯಿಗೆ ನಮ್ಮ ಕಡೆ ಡಿಂಗ್ರಿ ಎನ್ನುತ್ತಾರೆ. ಒಂದನ್ನು ಮುರಿದು ಮೂಗಿಗೆ ಹಿಡಿದೆ. ಖಾರದ ವಾಸನೆ ನೆತ್ತಿಗೇರಿತು. ಇನ್ನೊಂದು ಮುರಿದೆ.

"ಅದೇನ್ ಮಲ್ಲಿಗಿ ಹೂವೇನ್ರಿ ಮೂಸಾಕ? ತಗೊಳ್ಳೂದಿದ್ರ ತಗೋರಿ," ಎಂದಳು.

ತಗೊಳ್ಳುವಂತಿಲ್ಲ. ನಮ್ಮದು ಜೈನರ ಮನೆ. ಮೂಲಂಗಿಯ ಬೇರಿರಲಿ, ಎಲೆ ಕಾಯಿಗಳೂ ಅಡಿಗೆಮನೆಯ ಹೊಸ್ತಿಲು ದಾಟುವುದಿಲ್ಲ. ಆದರೂ ಕಬ್ಬೂರಿನ ನಮ್ಮ ಹಿತ್ತಲಲ್ಲಿ ಒಮ್ಮೆ ಮೂಲಂಗಿ ಬೆಳೆದಿತ್ತು. ಅದನ್ನು ಹೇಳುತ್ತೇನೆ, ಪೂರ್ತಿ ನಂಬಬೇಡಿ. ನೆನಪು ನನ್ನದೇ ಆದ್ದರಿಂದ ಸ್ವಲ್ಪ ನನ್ನ ಕಡೆಗೇ ವಾಲಿರುತ್ತದೆ.

ದೊಡ್ಡ ಮಗಳು ಅಕ್ಷತಾ ಆಗ ನಾಲ್ಕನೆಯ ಇಯತ್ತೆ. ಮಾಸ್ತರರು ಪ್ರತಿ ಮಗುವಿಗೂ ಒಂದು ಚಿಟಿಕೆ ಬೀಜ ಕೊಟ್ಟು, ಮನೆಯಲ್ಲಿ ಬೆಳೆಸಿ ತನ್ನಿ, ಎಲ್ಲರಿಗಿಂತ ಉದ್ದದ ಮೂಲಂಗಿಗೆ ಚಪ್ಪಾಳೆ ಎಂದಿದ್ದರು. ಗೋಡೆಗೆ ಬಳಿದ ಬಣ್ಣದ ಖಾಲಿ ಬಕೆಟ್ಟಿಗೆ ಅಕ್ಷತಾ ಮಣ್ಣು ತುಂಬಿದಳು. ಐದು ವರ್ಷದ ತಂಗಿ ಶ್ರುತಿ ಚಹಾದ ಕಪ್ಪಿನಿಂದ ದಿನಕ್ಕೆ ಹತ್ತು ಸಲ ನೀರು ಹಾಕಿದಳು. ಬೀಜಗಳು ಮುಳುಗಿ ಸಾಯುತ್ತವೆಂದು ಅಕ್ಕ ಆ ಕಪ್ಪನ್ನು ಅಡಗಿಸಿಟ್ಟದ್ದಕ್ಕೆ ಒಂದು ಮಹಾಯುದ್ಧವೂ ಆಯಿತು. ನಾನು ಚಿಕ್ಕೋಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ಮಣ್ಣಿನ ವಿಷಯದಲ್ಲಿ ನನ್ನ ಹತ್ತಿರ ಇದ್ದದ್ದು ಬರೀ ಅಭಿಪ್ರಾಯ. ಅದನ್ನು ಧಾರಾಳವಾಗಿ ಕೊಟ್ಟೆ. ಇಷ್ಟೆಲ್ಲ ಆಗಿಯೂ ಒಂದು ಗಿಡ ಬದುಕಿತು.

ಆಯಿ, ಅಂದರೆ ನನ್ನ ತಾಯಿ, ಎಲೆ ನೋಡಿಯೇ ಗುರುತಿಸಿದಳು.

"ಬೆಳಸ್ರಿ. ಆದರ ಕೀಳಂಗಿಲ್ಲ. ಕಿತ್ತರ ಅದೊಂದ ಜೀವ ಅಲ್ಲ, ಬೇರಿಗಿ ಅಂಟಿದ ಸಾವಿರ ಜೀವ ಹೋಗ್ತಾವ."

"ಹೊಲದಾಗ ಅರಿಷಿಣ ಕೀಳ್ತಿಯಲ್ಲ ಆಯಿ?" ಎಂದಳು ಅಕ್ಷತಾ.

"ಹೊಟ್ಟಿಗಂತ ಕೀಳೂದು ಬ್ಯಾರೆ, ಹೌಸಿಗಂತ, ಚಪ್ಪಾಳಿಗಂತ ಕೀಳೂದು ಬ್ಯಾರೆ."

"ಹಂಗಾದ್ರ ಎಷ್ಟುದ್ದ ಐತಿ ಅಂತ ಹೆಂಗ ತಿಳೀಬೇಕ?"

ಆಯಿ ಕುಡುಗೋಲು ತಗೊಂಡು ಹೊಲಕ್ಕೆ ಹೊರಟುಬಿಟ್ಟಳು. ಆದರೆ ಮರುದಿನ ಬೆಳಿಗ್ಗೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಿರುಬೆರಳಿನಿಂದ ಮಣ್ಣು ಸರಿಸುತ್ತಿದ್ದವಳು ಅವಳೇ. ನನ್ನನ್ನು ಕಂಡು ಕೈ ಒರೆಸಿಕೊಂಡಳು.

"ಇರಿವಿ ಬಂದಾವ," ಎಂದಳು.

ಮೂಲಂಗಿಯನ್ನು ಶಾಲೆಗೆ ಒಯ್ಯಬೇಕಾದ ಶನಿವಾರ ಬಂತು. ಅಕ್ಷತಾ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಬರಿಗೈಯಲ್ಲಿ ಹೋದರೆ ವರ್ಗವೆಲ್ಲ ನಗುತ್ತದೆ. ಕಿತ್ತರೆ ಆಯಿ ಮಾತು ಬಿಡುತ್ತಾಳೆ. ಆಗ ನನಗೆ ಉಪಾಯ ಹೊಳೆಯಿತು: ಬಕೆಟ್ಟನ್ನೇ ಒಯ್ಯುವುದು. ಸ್ಕೂಟರಿನಲ್ಲಿ ನನ್ನ ಕಾಲುಗಳ ನಡುವೆ ಬಕೆಟ್ಟು, ಹಿಂದೆ ಮಗಳು. ಎಲೆಗಳು ದಾರಿಯುದ್ದಕ್ಕೂ ನನ್ನ ಗದ್ದಕ್ಕೆ ತುರಿಕೆ ತಂದದ್ದು ಇವತ್ತಿಗೂ ನೆನಪಿದೆ.

ವರ್ಗದಲ್ಲಿ ಮಾಸ್ತರರು ಅಳತೆಪಟ್ಟಿ ಹಿಡಿದು ನಿಂತಿದ್ದರು.

"ನಿನ್ನ ಮೂಲಂಗಿ ಎಲ್ಲೈತವಾ?"

"ಒಳಗ ಐತ್ರಿ ಸರ್."

"ಎಷ್ಟುದ್ದ?"

"ಗೊತ್ತಿಲ್ರಿ. ಅದಿನ್ನೂ ಬೆಳಿಯಾಕತ್ತೈತಿ."

ಮಾಸ್ತರರು ಪಟ್ಟಿ ಕೆಳಗಿಟ್ಟು ನಕ್ಕರು. ಚಪ್ಪಾಳೆ ಅವಳಿಗೇ ಬಿತ್ತು. ಉಳಿದವರ ಮೂಲಂಗಿಗಳು ಅಂದು ಸಂಜೆಯೇ ಪಲ್ಯವಾದವು. ನಮ್ಮದು ತಿಳಿ ನೇರಳೆ ಹೂವಾಯಿತು, ಕಾಯಾಯಿತು, ತಾನಾಗಿಯೇ ಒಣಗಿತು. ಮರುವರ್ಷ ಇಡೀ ವರ್ಗಕ್ಕೆ ಬೀಜ ಅಕ್ಷತಾಳ ಕಡೆಯಿಂದ.

ಸಂತೆಯಿಂದ ಬಂದವನು ಉಮೇದಿನಿಂದ ಇದನ್ನೆಲ್ಲ ಅಕ್ಷತಾಳಿಗೆ ಫೋನಿನಲ್ಲಿ ಹೇಳಿದೆ. ಅವಳು ಈಗ ಅಥಣಿಯಲ್ಲಿ ಓದುತ್ತಿದ್ದಾಳೆ. ಕೇಳಿ ಕೇಳಿ ನಕ್ಕಳು.

"ಆಗ ಸ್ಕೂಟರ್ ಎಲ್ಲಿತ್ತಪ್ಪಾ ನಮ್ಮ ಮನ್ಯಾಗ? ಆಯಿ ತಲಿ ಮ್ಯಾಲ ಹೊತ್ತಕೊಂಡ ಬಂದಿದ್ದಳು. ನೀ ಏನಂದಿದ್ದಿ ಹೇಳ್ಲಿ? ಸಂತ್ಯಾಗ ಒಂದ ಉದ್ದಂದು ತಂದ ಕೊಡ್ತೀನಿ, ಅದನ್ನ ಒಯ್ಯಿ ಅತ್ತಾಗ ಅಂದಿದ್ದಿ."

ಹಾಗಾದರೆ ನನ್ನ ಗದ್ದಕ್ಕೆ ತಾಗಿದ ಎಲೆಗಳು ಯಾವ ಗಿಡದವು? ಸಾಕ್ಷಿ ಕೇಳೋಣವೆಂದರೆ ಆಯಿ ಇಲ್ಲ. ಇದ್ದಿದ್ದರೂ ನನ್ನ ಪರ ಹೇಳುತ್ತಿದ್ದಳೆಂಬ ಭರವಸೆಯಿಲ್ಲ.

ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋದೆ. ಬಕೆಟ್ಟು ಮೂಲೆಯಲ್ಲಿ ಹಾಗೇ ಇದೆ, ಕಂಠದವರೆಗೆ ಮಣ್ಣು. ಮಗಳ ಮಾತು ಸುಳ್ಳೆಂದು ತೋರಿಸಬೇಕಿತ್ತು. ಎರಡೂ ಕೈ ಹಾಕಿ ಎತ್ತಿದೆ. ಮೊಣಕಾಲಿನವರೆಗೆ ಬಂತು, ಅಲ್ಲಿಂದ ಮೇಲೆ ಬರಲೊಲ್ಲದು. ಅರವತ್ತು ದಾಟಿದ ಹೆಂಗಸು ಇದನ್ನು ಹೊತ್ತು ಊರ ಆಚೆ ತುದಿಯ ಶಾಲೆಗೆ ನಡೆದಳೆಂದರೆ ಯಾರು ನಂಬಬೇಕು? ಅದನ್ನೇ ಹೇಳೋಣವೆಂದು ಫೋನು ತೆಗೆದೆ. ಆಗ ಆಯಿಯ ಕುತ್ತಿಗೆ ಕಣ್ಣ ಮುಂದೆ ಬಂತು. ದಿನಾ ಹೊಲದಿಂದ ಇದರ ಎರಡರಷ್ಟು ಮೇವು ಹೊತ್ತು ಬರುತ್ತಿದ್ದಳು, ಕತ್ತು ಅಲುಗಿಸದೆ, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ.

ಫೋನನ್ನು ಕಿಸೆಗೆ ಹಾಕಿದೆ. ಬಕೆಟ್ಟಿನ ಮುಂದೆ ಕೂತು ಕಿರುಬೆರಳಿನಿಂದ ಮಣ್ಣು ಸರಿಸಿದೆ. ಏನನ್ನು ಹುಡುಕುತ್ತಿದ್ದೆನೋ.

"ಏನ್ ಮಾಡಾಕತ್ತಿಯಪ್ಪಾ?" ಶ್ರುತಿ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದಳು.

ಕೈ ಒರೆಸಿಕೊಂಡೆ.

"ಇರಿವಿ ಬಂದಾವ," ಎಂದೆ.